ಕೇಸು ಗಡಿ ದಾಟುತ್ತದೆ, ಖುಲಾಸೆ ದಾಟುವುದಿಲ್ಲ



ಬಂಡೂರು ಅಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಕುರಿ. ಮಳವಳ್ಳಿ ತಾಲ್ಲೂಕಿನ ಈ ಗಿಡ್ಡ ಕಾಲಿನ, ತುಂಬಿದ ಮೈಯ ಕುರಿಗೆ ಯಾವ ಸಂತೆಯಲ್ಲೂ ಬೆಲೆ ಇದೆ. ಊರಿನ ಹೆಸರು ಹೇಳಿದರೆ ಸಾಕು, ವ್ಯಾಪಾರಿ ದರ ಏರಿಸುತ್ತಾನೆ. ಅದೇ ಬಂಡೂರು ಸುತ್ತಿನ ಕೇರಿಯ ಹುಡುಗ ಊರು ಬಿಟ್ಟು ಕೆಲಸಕ್ಕೆ ಹೊರಟರೆ ಅವನ ಹಿಂದೆ ಹೋಗುವುದು ಊರಿನ ಹೆಸರಲ್ಲ. ಠಾಣೆಯ ಒಂದು ಕ್ರೈಂ ನಂಬರು.

ಈ ಮಾತನ್ನು ಸುಮ್ಮನೆ ಹೇಳುತ್ತಿಲ್ಲ. ಹಿಂದೊಂದು ದಿನ ಸಂಜೆ ಒಬ್ಬ ಹುಡುಗ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಹಿಡಿದು ನಮ್ಮ ಹತ್ತಿರ ಬಂದ. ನಮ್ಮ ಹಾಸ್ಟೆಲಿನಲ್ಲೇ ಇದ್ದು ಓದಿದವನು. ಊರ ಹೆಸರೂ ಬೇಡ, ಅವನ ಹೆಸರೂ ಬೇಡ. ಕೇಂದ್ರ ಸರ್ಕಾರದ ಒಂದು ಪಡೆಗೆ ಓಟ, ಎತ್ತರ, ಬರವಣಿಗೆ ಎಲ್ಲಾ ಪಾಸಾಗಿ ಆಯ್ಕೆಯಾಗಿದ್ದ. ಕೇರಿಯವರು ಅವನಿಗೆ ಹಾರ ಹಾಕಿ ಕಳಿಸಲು ತಯಾರಾಗಿದ್ದರು. ಬಂದದ್ದು ಹೊರರಾಜ್ಯದ ಕಚೇರಿಯಿಂದ ಒಂದು ನೋಟೀಸು. ನೀನು ಕ್ರಿಮಿನಲ್ ಕೇಸನ್ನು ಮುಚ್ಚಿಟ್ಟಿದ್ದೀಯ, ನಿನ್ನ ಆಯ್ಕೆಯನ್ನು ಯಾಕೆ ರದ್ದು ಮಾಡಬಾರದು, 15 ದಿನದಲ್ಲಿ ಉತ್ತರ ಕೊಡು ಅಂತ.

ಕೇಸು ಯಾವುದು? 2018ರಲ್ಲಿ ಊರ ಹಬ್ಬದಲ್ಲಿ ನಮ್ಮವರು ತಮಟೆ ಹೊಡೆಯುವುದಿಲ್ಲ ಅಂದರು. ಮಾತಿಗೆ ಮಾತು ಬೆಳೆಯಿತು, ಕೇರಿಗೆ ನುಗ್ಗಿ ಹೊಡೆದರು. ನಮ್ಮವರು ಹೋಗಿ ದೌರ್ಜನ್ಯ ತಡೆ ಕಾಯಿದೆಯ ಕೇಸು ಕೊಟ್ಟರು. ಅದೇ ರಾತ್ರಿ ಆ ಕಡೆಯಿಂದ ಕೌಂಟರ್ ಕೇಸು. ನಮ್ಮವರು 11 ಜನ ಗುಂಪು ಕಟ್ಟಿಕೊಂಡು ಬಂದು ಹೊಡೆದರು, ಬೈದರು, ಪ್ರಾಣ ಬೆದರಿಕೆ ಹಾಕಿದರು ಅಂತ. ಇಂಥ ದೂರಿಗೆ ಠಾಣೆಯಲ್ಲಿ ಸೆಕ್ಷನ್ನುಗಳ ಒಂದು ಸರ ಯಾವಾಗಲೂ ಸಿದ್ಧವಾಗಿರುತ್ತದೆ. 143, 147, 323, 504, 506, ಕೊನೆಗೆ 149. ಗಾಯವಾದವನಿಗೂ ಅದೇ ಸರ, ನೋಡಲು ನಿಂತಿದ್ದವನಿಗೂ ಅದೇ ಸರ. ಈ ಹುಡುಗ ಒಂಬತ್ತನೇ ಆರೋಪಿ. ಅವತ್ತು ಅವನು ಪಿಯುಸಿ.

"ಅವತ್ತು ನಂಗೆ ಹದಿನೇಳು ಕಣಣ್ಣ. ಅವ್ರು ಕೇಳ್ಲೇ ಇಲ್ಲ. ಮುಖ ನೋಡಿ ಹತ್ತೊಂಬತ್ತು ಅಂತ ಬರ್ಕೊಂಡ್ರು" ಅಂದ.

2022ರಲ್ಲಿ ಎರಡು ಕೇಸೂ ಬಿದ್ದವು. ಯಾಕೆ ಬಿದ್ದವು ಅಂತ ಹಳ್ಳಿಯಿಂದ ಬಂದ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಯಜಮಾನರು ಕೂತು ಮಾತಾಡಿದರು. ಒಂದೇ ಊರಲ್ಲಿ ಬದುಕಬೇಕಲ್ಲ, ಗದ್ದೆ ಕೆಲಸಕ್ಕೆ ಅವರ ಬಾಗಿಲಿಗೇ ಹೋಗಬೇಕಲ್ಲ. ಸಾಕ್ಷಿಗಳು ತಿರುಗಿದರು. ಎಲ್ಲರೂ ಖುಲಾಸೆ. ವಕೀಲರು ಬೆನ್ನು ತಟ್ಟಿ "ಮುಗಿದೋಯ್ತು ಹೋಗಪ್ಪ, ಇನ್ನು ಏನೂ ಇಲ್ಲ" ಅಂದರು. ಹುಡುಗ ನಂಬಿದ. ನೌಕರಿಯ ದೃಢೀಕರಣ ನಮೂನೆಯಲ್ಲಿ 'ನಿಮ್ಮ ಮೇಲೆ ಎಂದಾದರೂ ಪ್ರಕರಣ ದಾಖಲಾಗಿತ್ತೇ' ಅನ್ನುವ ಕಾಲಮ್ಮಿನಲ್ಲಿ 'ಇಲ್ಲ' ಅಂತ ಬರೆದ.

ಆ ನಮೂನೆ ಜಿಲ್ಲೆಗೆ ಬಂದು, ಜಿಲ್ಲೆಯಿಂದ ಠಾಣೆಗೆ ಇಳಿಯಿತು. ಠಾಣೆಯವರು ಕಂಪ್ಯೂಟರಿನಲ್ಲಿ ಹೆಸರು ಹಾಕಿ ನೋಡಿ ಬರೆದರು. ಕ್ರೈಂ ನಂಬರು ಇಂಥದ್ದು, ದೋಷಾರೋಪಣ ಪಟ್ಟಿ ಸಲ್ಲಿಸಲಾಗಿದೆ. ಅಷ್ಟೇ. ಖುಲಾಸೆಯಾಗಿ ಮೂರು ವರ್ಷವಾಗಿತ್ತು. ಆ ಒಂದು ಸಾಲು ರಿಜಿಸ್ಟರಿಗೆ ಏರಿರಲಿಲ್ಲ. ಏರಿಸಬೇಕಾದವರು ಏರಿಸಿರಲಿಲ್ಲ. ಕೇಸು ಹಾಕಿದ ದಿನ ರಾತ್ರಿ ಹನ್ನೊಂದಕ್ಕೆ ಎದ್ದು ಕೂತು ಬರೆದವರಿಗೆ ಖುಲಾಸೆ ಬರೆಯಲು ಮೂರು ವರ್ಷ ಸಾಲಲಿಲ್ಲ.

ಇದು ಒಬ್ಬ ಹುಡುಗನ ಕತೆ ಆಗಿದ್ದರೆ ಒಂದು ಅರ್ಜಿ ಬರೆದುಕೊಟ್ಟು ಸುಮ್ಮನಾಗುತ್ತಿದ್ದೆವು. ಕೇಳುತ್ತಾ ಹೋದ ಹಾಗೆ ನಮ್ಮ ಒಂದು ಹಾಸ್ಟೆಲಿನಲ್ಲೇ ಇಂಥವರು ಇನ್ನೂ ನಾಲ್ವರು ಸಿಕ್ಕರು. ಅವರಲ್ಲಿ ಇಬ್ಬರಿಗೆ ತಮ್ಮ ಮೇಲಿನ ಕೇಸು ಏನಾಯಿತು ಅನ್ನುವುದೇ ಗೊತ್ತಿರಲಿಲ್ಲ.

ಹಿಂದೆ ಠಾಣೆಯ ದಾಖಲೆ ಠಾಣೆಯ ಬೀರುವಿನಲ್ಲಿ ಇರುತ್ತಿತ್ತು. ಮಳವಳ್ಳಿಯಲ್ಲಿ ಬರೆದದ್ದನ್ನು ಕೊಯಮತ್ತೂರಿನವನು ಓದಬೇಕಾದರೆ ಪತ್ರ ಬರೆದು ತಿಂಗಳುಗಟ್ಟಲೆ ಕಾಯಬೇಕಿತ್ತು. ಇಲಿ, ಗೆದ್ದಲು, ಮಳೆ ನೀರು ಸೇರಿ ಎಷ್ಟೋ ಬಡವರ ದಾಖಲೆಯನ್ನು ಅಳಿಸಿಹಾಕಿ ಪುಣ್ಯ ಕಟ್ಟಿಕೊಂಡಿವೆ. 2009ರಲ್ಲಿ ಕೇಂದ್ರ ಸರ್ಕಾರ ಸಿಸಿಟಿಎನ್‌ಎಸ್ ಅನ್ನುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೇಶದ ಪೊಲೀಸ್ ಠಾಣೆಗಳನ್ನೆಲ್ಲ ಒಂದೇ ಜಾಲಕ್ಕೆ ಸೇರಿಸುವ ಕೆಲಸ. ಮುಂದೆ ಇದಕ್ಕೇ ಕೋರ್ಟು, ಜೈಲುಗಳನ್ನೂ ಜೋಡಿಸಿದರು. ಕಳ್ಳನನ್ನು ಹಿಡಿಯಲು ಒಳ್ಳೆಯದೇ, ನಾವು ಬೇಡ ಅನ್ನುವುದಿಲ್ಲ. ಆದರೆ ಜಾಲಕ್ಕೆ ಏನು ಹಾಕುತ್ತಾರೋ ಅದೇ ಹೊರಬರುತ್ತದೆ. ಎಫ್‌ಐಆರ್ ಹಾಕುತ್ತಾರೆ, ಅದು ಟಿಕೇಟಿಲ್ಲದೆ ಗಡಿ ದಾಟುತ್ತದೆ. ಖುಲಾಸೆಯ ತೀರ್ಪನ್ನು ನಾವು ಚೀಲದಲ್ಲಿ ಹಾಕಿಕೊಂಡು ಕೈಯಾರೆ ಹೊತ್ತು ದಾಟಿಸಬೇಕು.

ಹೊತ್ತು ಹೋದರೂ ಏನಾಯಿತು ನೋಡಿ. ಈ ಹುಡುಗನ ತೀರ್ಪು ಕನ್ನಡದಲ್ಲಿದೆ. ಕೋರ್ಟಿನಲ್ಲಿ ನಮ್ಮ ಭಾಷೆ ಬೇಕು ಅಂತ ಎಷ್ಟು ಜನ ಕೂಗಿ ಪಡೆದದ್ದು ಅದು. ನಮಗೆ ಹೆಮ್ಮೆಯೇ. ಆದರೆ ಹೊರರಾಜ್ಯದ ಕಚೇರಿಯವನು ಕನ್ನಡ ಓದಲಾರ. ಅವನ ಮುಂದೆ ಇರುವುದು ಠಾಣೆಯವರು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಎರಡು ಸಾಲು. ಕೇಸು ಇಂಗ್ಲಿಷಿನಲ್ಲಿ ಹೋಗುತ್ತದೆ, ಖುಲಾಸೆ ಕನ್ನಡದಲ್ಲಿ ಉಳಿಯುತ್ತದೆ. ತರ್ಜುಮೆ ಮಾಡಿಸಿ, ನೋಟರಿ ಹಾಕಿಸಿ ಕಳಿಸುವ ಖರ್ಚು ಯಾರದು? ಕೂಲಿ ಮಾಡುವ ಅವನ ಅವ್ವನದು.

ಹೆಸರಿನ ಕತೆ ಇನ್ನೊಂದು. ನಮ್ಮ ಕಡೆ ಒಂದು ಕೇರಿಯಲ್ಲೇ ನಾಲ್ಕು ಮಹದೇವ, ಮೂರು ಸಿದ್ದರಾಜು ಇರುತ್ತಾರೆ. ತಂದೆಯ ಹೆಸರೂ ಒಂದೇ ಆಗಿಬಿಡುತ್ತದೆ. ಕೋರ್ಟಿನ ಕೇಸುಗಳನ್ನು ಈಗ ಯಾರು ಬೇಕಾದರೂ ಮೊಬೈಲಿನಲ್ಲಿ ಹೆಸರು ಹಾಕಿ ಹುಡುಕಬಹುದು. ಬೆಂಗಳೂರಿನ ಕಂಪನಿಗಳಿಗೆ ಹುಡುಗರ ಹಿನ್ನೆಲೆ ತಪಾಸಣೆ ಮಾಡಿಕೊಡಲೆಂದೇ ಖಾಸಗಿ ಏಜೆನ್ಸಿಗಳು ಹುಟ್ಟಿವೆ. ಅವರಿಗೆ ಯಾವ ಮಹದೇವ ಅನ್ನುವುದು ಬೇಕಾಗಿಲ್ಲ. 'ಹಿನ್ನೆಲೆ ಸರಿ ಇಲ್ಲ' ಅಂದುಬಿಟ್ಟರೆ ಕಂಪನಿಯವನು ಕಾರಣ ಹೇಳುವ ಗೋಜಿಗೂ ಹೋಗುವುದಿಲ್ಲ. ಸೆಕ್ಯುರಿಟಿ ಕೆಲಸಕ್ಕೂ ಇದೇ ಪಾಡು.

ಈಗ ನೀವು ಕೇಳಬಹುದು. ಖುಲಾಸೆಯಾದ ಮೇಲೆ ಈ ದಾಖಲೆಯನ್ನು ಅಳಿಸಿಹಾಕುವ ಕಾನೂನು ಇಲ್ಲವೇ? ಸಿನಿಮಾಗಳಲ್ಲಿ ಅಮೆರಿಕದವರು ದಾಖಲೆಗೆ ಮೊಹರು ಹಾಕಿಸುವುದನ್ನು ನೋಡಿರುತ್ತೀರಿ. ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. 2018ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯ ಮೊದಲ ಸಲ, ಅರ್ಜಿ ಹಾಕದೆಯೇ ಸಣ್ಣ ಹಳೆಯ ಕೇಸುಗಳಿಗೆ ತಾನಾಗಿ ಮೊಹರು ಬೀಳುವ ಕಾನೂನು ತಂದಿತು. ಅಲ್ಲೂ ಗೋಳು ಇದ್ದದ್ದೇ. ಒಂದು ರಾಜ್ಯ ಮೊಹರು ಹಾಕಿದ್ದು ಇನ್ನೊಂದು ರಾಜ್ಯದವರ ಕೈಯಲ್ಲಿರುವ ಹಳೆಯ ನಕಲಿಗೆ ತಾಗುವುದಿಲ್ಲ. ಇಂಗ್ಲೆಂಡಿನಲ್ಲಿ 1974ರಿಂದಲೇ ಒಂದು ಕಾನೂನಿದೆ. ಶಿಕ್ಷೆಯಾಗಿ ಇಂತಿಷ್ಟು ವರ್ಷ ಸರಿಯಾಗಿ ಬಾಳಿದರೆ ಆ ಶಿಕ್ಷೆ ಸವೆದುಹೋಯಿತು ಅಂತ ಲೆಕ್ಕ. ಹೆಚ್ಚಿನ ಕೆಲಸಗಳಿಗೆ ಅದನ್ನು ಹೇಳಬೇಕಾಗಿಯೇ ಇಲ್ಲ.

ನಮ್ಮ ದೇಶದಲ್ಲಿ ದೊಡ್ಡವರಿಗೆ ಅಂಥ ಕಾನೂನು ಇಲ್ಲ. ಇಲ್ಲಿ ಶಿಕ್ಷೆಯಾದವನ ಮಾತು ಹಾಗಿರಲಿ, ಖುಲಾಸೆಯಾದವನಿಗೂ ದಾಖಲೆ ಸವೆಯುವುದಿಲ್ಲ. 2022ರಲ್ಲಿ ಬಂದ ಗುರುತಿನ ಕಾಯಿದೆ ಬೆರಳಚ್ಚು, ಅಂಗೈ ಗುರುತು, ಕಣ್ಣಿನ ಪಾಪೆಯ ಚಿತ್ರಗಳನ್ನು 75 ವರ್ಷ ಇಟ್ಟುಕೊಳ್ಳಬಹುದು ಅನ್ನುತ್ತದೆ. 20 ವರ್ಷದ ಹುಡುಗನಿಗೆ 95 ಆಗುವ ತನಕ. ಅದೇ ಕಾಯಿದೆಯಲ್ಲಿ ಒಂದು ಕಿಂಡಿ ಇದೆ. ಹಿಂದೆ ಶಿಕ್ಷೆಯಾಗದ ವ್ಯಕ್ತಿ ವಿಚಾರಣೆಯಿಲ್ಲದೆ ಬಿಡುಗಡೆಯಾದರೆ ಅಥವಾ ಖುಲಾಸೆಯಾದರೆ, ಮೇಲ್ಮನವಿಗಳೆಲ್ಲ ಮುಗಿದ ಮೇಲೆ ಆ ಗುರುತುಗಳನ್ನು ನಾಶ ಮಾಡಬೇಕು. ಮ್ಯಾಜಿಸ್ಟ್ರೇಟರು ಕಾರಣ ಬರೆದು ಬೇಡ ಅಂದರೆ ಮಾತ್ರ ಇಟ್ಟುಕೊಳ್ಳಬಹುದು. ಈ ಕಿಂಡಿಯನ್ನು ತಟ್ಟಿದವರು ನಮ್ಮ ಕೇರಿಗಳಲ್ಲಿ ಎಷ್ಟು ಜನ? ತಟ್ಟಬಹುದು ಅಂತ ಯಾರು ಹೇಳಿದ್ದಾರೆ?

ಇಂಗ್ಲಿಷ್ ಬಲ್ಲವರು ತಟ್ಟುತ್ತಾರೆ. ಭಾರತೀಯ ಮೂಲದ ಅಮೆರಿಕದ ಪ್ರಜೆಯೊಬ್ಬ ಇಲ್ಲಿಗೆ ಬಂದಿದ್ದಾಗ ಮಾದಕವಸ್ತು ಕೇಸಿನಲ್ಲಿ ಸಿಕ್ಕಿ, ಖುಲಾಸೆಯಾಗಿ, ವಾಪಸ್ ಹೋಗಿ ಕಾನೂನು ಓದಿದ. ಅಲ್ಲಿ ಕೆಲಸ ಕೊಡುವವರು ಇಂಟರ್ನೆಟ್ಟಿನಲ್ಲಿ ಅವನ ಹೆಸರು ಹಾಕಿದರೆ ಖುಲಾಸೆಯ ತೀರ್ಪೇ ಎದುರು ಬಂದು ನಿಲ್ಲುತ್ತಿತ್ತು. 2021ರಲ್ಲಿ ದೆಹಲಿ ಹೈಕೋರ್ಟು ಅದನ್ನು ಹುಡುಕಾಟಕ್ಕೆ ಸಿಗದಂತೆ ಮಾಡಿ ಅಂತ ಮಧ್ಯಂತರ ಆದೇಶ ಕೊಟ್ಟಿತು. ನಮ್ಮ ಕರ್ನಾಟಕ ಹೈಕೋರ್ಟೂ 2017ರಲ್ಲಿ ಒಬ್ಬ ಹೆಣ್ಣುಮಗಳ ಹೆಸರು ಇಂಟರ್ನೆಟ್ ಹುಡುಕಾಟದಲ್ಲಿ ಕಾಣದಂತೆ ನೋಡಿಕೊಳ್ಳಿ ಅಂತ ತನ್ನ ಕಚೇರಿಗೇ ಹೇಳಿತು. ಒಳ್ಳೆಯ ಆದೇಶಗಳು. ಆದರೆ ಮಳವಳ್ಳಿಯಿಂದ ಹೈಕೋರ್ಟಿಗೆ ಬಸ್ಸು ಇದ್ದರೆ ಸಾಲದು, ಫೀಸೂ ಬೇಕು.

ದಾಖಲೆ ಅನ್ನುವುದು ಎಲ್ಲರಿಗೂ ಒಂದೇ ಬಣ್ಣದ್ದಲ್ಲ ಗೆಳೆಯರೇ. ಮದ್ದೂರಿನ ಪಕ್ಕದ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಮೈಸೂರು ಸರ್ಕಾರದ ಆಜ್ಞೆ ಮೀರಿ ಕಾಂಗ್ರೆಸ್ಸಿನ ಬಾವುಟ ಹಾರಿಸಿ ಮುಖಂಡರು ಬಂಧನಕ್ಕೆ ಹೋದರು. ಇವತ್ತು ಅಲ್ಲಿ ಸೌಧ ಇದೆ. ಸ್ವಾತಂತ್ರ್ಯ ಹೋರಾಟಗಾರರಿಗೆ ಕೇಂದ್ರ ಸರ್ಕಾರ 1972ರಲ್ಲಿ ಪಿಂಚಣಿ ಯೋಜನೆ ತಂದಾಗ ಕೇಳಿದ್ದು ಏನು? ಆರು ತಿಂಗಳು ಜೈಲಿನಲ್ಲಿದ್ದಕ್ಕೆ ಜೈಲಿನ ಸರ್ಟಿಫಿಕೇಟು. ಅಲ್ಲಿ ಜೈಲಿನ ದಾಖಲೆ ಮರ್ಯಾದೆ, ಪಿಂಚಣಿ. ನಾವು ಅವರ ತ್ಯಾಗವನ್ನು ಹಗುರ ಮಾಡುತ್ತಿಲ್ಲ. ಕೆರೆಯ ನೀರಿಗೆ, ಹೋಟೆಲಿನ ಲೋಟಕ್ಕೆ, ಸ್ಮಶಾನದ ಜಾಗಕ್ಕೆ ಅಂತ ಬೀದಿಗಿಳಿದ ನಮ್ಮ ಹುಡುಗನಿಗೆ ಅದೇ ಬಂಧನ ರೌಡಿ ಪಟ್ಟಿಯಾಗುತ್ತದಲ್ಲ, ಅದನ್ನು ಕೇಳುತ್ತಿದ್ದೇವೆ.

ಇನ್ನೊಂದು ಕಡೆ ನೋಡಿ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಸಾಕ್ಷಿಗಳು ತಿರುಗಿದರು. 2006ರಲ್ಲಿ ಕೋಲಾರದ ಕೋರ್ಟಿನಲ್ಲಿ ಆರೋಪಿಗಳೆಲ್ಲ ಖುಲಾಸೆ, 2014ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಅಲ್ಲಿ ಸಾಕ್ಷಿ ತಿರುಗಿದ್ದಕ್ಕೆ ಏಳು ಹೆಣಗಳಿಗೆ ಲೆಕ್ಕ ಕೊಡುವವರು ಇಲ್ಲವಾದರು. ಇಲ್ಲಿ ಸಾಕ್ಷಿ ತಿರುಗಿ ಖುಲಾಸೆಯಾದ ಹದಿನೇಳರ ಹುಡುಗನಿಗೆ ನೌಕರಿ ಇಲ್ಲ.

ಹುಟ್ಟಿನಿಂದಲೇ ದಾಖಲೆ ಬರೆದ ಚರಿತ್ರೆ ನಮ್ಮದು. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟು ಕಾಯಿದೆ ತಂದರು. ಜಾತಿಯ ಹೆಸರು ಪಟ್ಟಿಗೆ ಸೇರಿದರೆ ಸಾಕು, ತೊಟ್ಟಿಲಿನ ಕೂಸೂ ಅಪರಾಧಿ. ದೊಡ್ಡವರು ಠಾಣೆಗೆ ಹಾಜರಿ ಹಾಕಬೇಕು, ಪರವೂರಿಗೆ ಹೋಗಲು ಪಾಸು ಬೇಕು. ಹುಬ್ಬಳ್ಳಿ, ಗದಗಿನ ಕಡೆ ಇವತ್ತಿಗೂ 'ಸೆಟ್ಲಮೆಂಟು' ಅನ್ನುವ ಬಡಾವಣೆಗಳಿವೆ. ತಂತಿ ಬೇಲಿಯೊಳಗೆ ಜನರನ್ನು ಕೂಡಿಟ್ಟ ಜಾಗಗಳು ಅವು. 1952ರ ಆಗಸ್ಟ್ 31ರಂದು ಆ ಕಾಯಿದೆ ಹೋಯಿತು. ಅದು ಹೋದ ಬಾಗಿಲಿನಿಂದಲೇ ರೂಢಿಗತ ಅಪರಾಧಿಗಳ ಕಾಯಿದೆಗಳು ಒಳಬಂದವು. ನಮ್ಮ ರಾಜ್ಯದ್ದು 1961ರದ್ದು. ಪಟ್ಟಿಯಲ್ಲಿ ಜಾತಿಯ ಹೆಸರು ಅಳಿಸಿ ವ್ಯಕ್ತಿಯ ಹೆಸರು ಬರೆದರು. ಯಾರ ಹೆಸರು ಅಂತ ಕೇಳಬೇಡಿ.

ಎರಡು ರಾಜ್ಯಗಳು ಕೈಜೋಡಿಸಿದಾಗ ಏನಾಗುತ್ತದೆ ಅನ್ನುವುದನ್ನೂ ನಮ್ಮ ಪಕ್ಕದ ಕಾಡೇ ಕಂಡಿದೆ. ವೀರಪ್ಪನ್‌ನನ್ನು ಹಿಡಿಯುವ ಹೆಸರಿನಲ್ಲಿ ಕರ್ನಾಟಕ, ತಮಿಳುನಾಡು ಪೊಲೀಸರು ಮಾದೇಶ್ವರ ಬೆಟ್ಟದ ಸುತ್ತ ಸೋಲಿಗರನ್ನು, ಬಡ ರೈತರನ್ನು ಎಳೆದೊಯ್ದರು. ಗಡಿಯ ಎರಡೂ ಕಡೆಯವರು ಟಾಡಾ ಕಾಯಿದೆಯಲ್ಲಿ ವರ್ಷಗಟ್ಟಲೆ ಮೈಸೂರು ಜೈಲಿನಲ್ಲಿ ಕೊಳೆತರು. 2001ರಲ್ಲಿ ಮೈಸೂರಿನ ವಿಶೇಷ ಕೋರ್ಟು ಬಹುಪಾಲು ಜನರನ್ನು ಬಿಟ್ಟಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕು ಆಯೋಗ 89 ಮಂದಿಗೆ 2.80 ಕೋಟಿ ಪರಿಹಾರ ಕೊಡಿ ಅಂದಿತು. ಹಿಡಿಯುವಾಗ ಗಡಿ ಇರಲಿಲ್ಲ. ಪರಿಹಾರ ಕೊಡುವಾಗ ಗಡಿ ಎದ್ದು ನಿಂತಿತು, ನಿಮ್ಮ ಪಾಲೆಷ್ಟು ನಮ್ಮ ಪಾಲೆಷ್ಟು ಅಂತ.

ಇಷ್ಟೆಲ್ಲ ಹೇಳಿ ನಿಮ್ಮನ್ನು ಹೆದರಿಸಿ ಕೂರಿಸುವುದು ನಮ್ಮ ಉದ್ದೇಶವಲ್ಲ. ಹುಡುಕಿದರೆ ಕಾನೂನಿನಲ್ಲೇ ನಮ್ಮ ಕೈಗೆ ಸಿಗುವ ಹಿಡಿಗಳಿವೆ. ಬಾಬಾಸಾಹೇಬರು ವಕೀಲರಾಗಿದ್ದು ಸುಮ್ಮನೆ ಅಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಹಿಡಿ ವಯಸ್ಸಿನದು. ಘಟನೆ ನಡೆದ ದಿನ ನಿಮಗೆ 18 ತುಂಬಿರಲಿಲ್ಲವೇ? ಹಾಗಾದರೆ 2015ರ ಬಾಲನ್ಯಾಯ ಕಾಯಿದೆ ನಿಮ್ಮದು. ಇಡೀ ದೇಶಕ್ಕೆ ಒಂದೇ ಕಾಯಿದೆ, ಯಾವ ರಾಜ್ಯದ ಕಚೇರಿಯೂ ನಮಗೆ ಸಂಬಂಧವಿಲ್ಲ ಅನ್ನುವ ಹಾಗಿಲ್ಲ. ಅದರ 24ನೇ ಸೆಕ್ಷನ್ ಪ್ರಕಾರ ಆ ವಯಸ್ಸಿನ ತಪ್ಪು, ಸಾಬೀತಾದರೂ ಸಹ, ಮುಂದೆ ಯಾವುದಕ್ಕೂ ಅನರ್ಹತೆ ಆಗಬಾರದು. ಮೇಲ್ಮನವಿಯ ಅವಧಿ ಅಥವಾ ನಿಯಮದಲ್ಲಿ ಹೇಳಿದ ಅವಧಿ ಮುಗಿದ ಮೇಲೆ ದಾಖಲೆಯನ್ನು ನಾಶಮಾಡಬೇಕು. ಹದಿನಾರು ದಾಟಿದವರ ಮೇಲೆ ತೀರಾ ಘೋರ ಅಪರಾಧ ಮಕ್ಕಳ ನ್ಯಾಯಾಲಯದಲ್ಲಿ ಸಾಬೀತಾದರೆ ಮಾತ್ರ ಬೇರೆ. ಇನ್ನೂ ಮುಖ್ಯ 74ನೇ ಸೆಕ್ಷನ್. ಮುಗಿದ ಕೇಸಿನಲ್ಲಿ ಮಗುವಿನ ದಾಖಲೆಯನ್ನು ನಡತೆ ಸರ್ಟಿಫಿಕೇಟಿಗೂ ಪೊಲೀಸರು ಹೊರಗೆಡಹುವಂತಿಲ್ಲ. ಅಂದರೆ ನಮ್ಮ ಹುಡುಗನ ಬಗ್ಗೆ ಠಾಣೆಯವರು ಬರೆದ ಆ ಎರಡು ಸಾಲು, ಬರೆಯಲೇಬಾರದಿದ್ದ ಸಾಲು.

"ಅವತ್ತೇ ವಯಸ್ಸು ಹೇಳ್ಬೇಕಿತ್ತು, ಈಗ ಕೋರ್ಟು ಮುಗಿದೋಗದೆ" ಅಂತ ಒಬ್ಬ ಹಿರಿಯರು ನಮ್ಮೆದುರೇ ಅಂದರು. ತಪ್ಪು. ಅಪ್ರಾಪ್ತನಾಗಿದ್ದೆ ಅನ್ನುವ ವಾದವನ್ನು ಯಾವ ಕೋರ್ಟಿನಲ್ಲಿ ಬೇಕಾದರೂ, ಯಾವ ಹಂತದಲ್ಲಿ ಬೇಕಾದರೂ, ಕೇಸು ಪೂರ್ತಿ ಮುಗಿದ ಮೇಲೂ ಎತ್ತಬಹುದು. ಅದೇ ಕಾಯಿದೆಯ 9ನೇ ಸೆಕ್ಷನ್ ಇದನ್ನು ಹೇಳುತ್ತದೆ. ಪುರಾವೆಗೆ ಮೊದಲ ಮಾನ್ಯತೆ ಶಾಲೆಯ ಜನ್ಮದಿನಾಂಕದ ದಾಖಲೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ. ಠಾಣೆಯವರು ಮುಖ ನೋಡಿ ಬರೆದ ಹತ್ತೊಂಬತ್ತು ಅದರ ಮುಂದೆ ನಿಲ್ಲುವುದಿಲ್ಲ. 2019ರಲ್ಲಿ ಸಿಐಎಸ್‌ಎಫ್‌ಗೆ ಆಯ್ಕೆಯಾದ ಒಬ್ಬನ ವಿಚಾರದಲ್ಲಿ ಸುಪ್ರೀಂ ಕೋರ್ಟು, ಅಪ್ರಾಪ್ತನಾಗಿದ್ದಾಗಿನ ಆರೋಪ ಮುಂದಿಟ್ಟುಕೊಂಡು ಕೆಲಸ ತಪ್ಪಿಸಬಾರದು ಅಂತಲೇ ಹೇಳಿದೆ.

18 ತುಂಬಿದವರ ದಾರಿ ಇಷ್ಟು ಸಲೀಸಲ್ಲ. 2016ರ ಜುಲೈ 21ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಅವತಾರ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದನ್ನು ಪ್ರತಿ ಹಾಸ್ಟೆಲಿನ ಗೋಡೆಗೂ ಅಂಟಿಸಬೇಕು. ನಮೂನೆಯಲ್ಲಿ ಕೇಳಿದ್ದರೆ ನಿಜ ಬರೆಯಲೇಬೇಕು. ಕೇಸು ಇತ್ತು, ಖುಲಾಸೆಯಾಯಿತು ಅಂತ ಬರೆದು ತೀರ್ಪಿನ ನಕಲು ಲಗತ್ತಿಸಬೇಕು. ಬರೆದರೂ ಕೆಲಸ ಕೊಡಲೇಬೇಕೆಂದಿಲ್ಲ, ಹಿನ್ನೆಲೆ ತೂಗಿ ನೋಡುವ ಅಧಿಕಾರ ಅವರಿಗಿದೆ. ಆದರೆ ಮುಚ್ಚಿಟ್ಟರೆ, ಸಣ್ಣ ಕೇಸೂ ದೊಡ್ಡ ಅಪರಾಧವಾಗುತ್ತದೆ. ಅದೇ ತೀರ್ಪಿನಲ್ಲಿ ನಮ್ಮಂಥವರಿಗೆ ಒಂದು ಮಾತಿದೆ. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದ್ದು, ಅಂಥ ಸಣ್ಣಪುಟ್ಟ ಕೇಸು ಇದ್ದು ಅದನ್ನು ಹೇಳದಿದ್ದರೂ ಅಧಿಕಾರಿಗಳು ಮನ್ನಿಸಬಹುದು. ಘೋಷಣೆ ಅನ್ನುವ ಪದವನ್ನೇ ಕೋರ್ಟು ಬಳಸಿದೆ. ಅದಕ್ಕೂ ಮುಂಚೆ, 2011ರಲ್ಲಿ, ದೆಹಲಿ ಪೊಲೀಸ್ ನೌಕರಿಗೆ ಅರ್ಜಿ ಹಾಕಿದ್ದ ಯುವಕನೊಬ್ಬನ ಪರ ತೀರ್ಪು ಕೊಡುವಾಗ ಇದೇ ಕೋರ್ಟು, ಒಂದು ರೊಟ್ಟಿ ಕದ್ದು ಬಾಳೆಲ್ಲ ಕಳ್ಳನೆಂಬ ಹಣೆಪಟ್ಟಿ ಹೊತ್ತ ಜೀನ್ ವಾಲ್‌ಜೀನ್ ಎಂಬ ಫ್ರೆಂಚ್ ಕಾದಂಬರಿಯ ಪಾತ್ರವನ್ನು ನೆನೆದಿತ್ತು.

ಖುಲಾಸೆಯಲ್ಲೂ ಜಾತಿ ಇದೆ ಅಂದರೆ ನಗಬೇಡಿ. 'ಗೌರವಯುತ ಖುಲಾಸೆ' ಅಂತ ಒಂದು, 'ಸಂಶಯದ ಲಾಭದ ಮೇಲೆ ಖುಲಾಸೆ' ಅಂತ ಇನ್ನೊಂದು. ಪೊಲೀಸ್ ನೌಕರಿಯ ವಿಷಯದಲ್ಲಿ ಸುಪ್ರೀಂ ಕೋರ್ಟು 2012, 2013ರ ತೀರ್ಪುಗಳಲ್ಲಿ ಎರಡಕ್ಕೂ ವ್ಯತ್ಯಾಸ ಮಾಡಿದೆ. ಸಾಕ್ಷಿ ತಿರುಗಿಸಿ ರಾಜಿಯಾದ ಖುಲಾಸೆ ಎರಡನೇ ಜಾತಿಗೆ ಸೇರುತ್ತದೆ. ಊರ ಯಜಮಾನರು ರಾಜಿ ಮಾಡಿಸುವಾಗ ಇದನ್ನು ಹೇಳುವುದಿಲ್ಲ, ಅವರಿಗೆ ಗೊತ್ತೂ ಇಲ್ಲ. ಕೌಂಟರ್ ಕೇಸು ಸುಳ್ಳು ಅಂತಾದರೆ ರಾಜಿಗಿಂತ ಮೊದಲು ಹೈಕೋರ್ಟಿನಲ್ಲಿ ಅದನ್ನು ರದ್ದು ಮಾಡಿಸಲು ಸಾಧ್ಯವೇ ನೋಡಿ. ಮೊದಲು 482 ಅನ್ನುತ್ತಿದ್ದರು, 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ 528. ಇನ್ನೊಂದು ಆಯುಧ ನಮ್ಮ ಕೈಯಲ್ಲೇ ತುಕ್ಕು ಹಿಡಿಯುತ್ತಿದೆ. ದಲಿತರ ಮೇಲೆ ಸುಳ್ಳು ಕ್ರಿಮಿನಲ್ ಕೇಸು ಹೂಡುವುದೇ ಒಂದು ದೌರ್ಜನ್ಯ ಅಂತ 1989ರ ಕಾಯಿದೆಯ 3(1)(ಪಿ) ಹೇಳುತ್ತದೆ. ಈ ಸೆಕ್ಷನ್ ಹಾಕಿದ ದೂರನ್ನು ನಾವು ಕಂಡದ್ದು ಅಪರೂಪ.

ರೌಡಿ ಪಟ್ಟಿಯ ಬಗ್ಗೆಯೂ ಒಂದು ಮಾತು. 2024ರ ಮೇ 7ರಂದು ಸುಪ್ರೀಂ ಕೋರ್ಟು, ಚರಿತ್ರೆ ಹಾಳೆ ಅನ್ನುವುದು ಪೊಲೀಸರ ಒಳಗಿನ ಕಾಗದ, ಅದು ಊರಿಗೆಲ್ಲ ಸಾರುವ ವರದಿಯಲ್ಲ ಅಂದಿತು. ಹಿಂದುಳಿದ ಜಾತಿ, ಪರಿಶಿಷ್ಟ ಜಾತಿ ಪಂಗಡದ ಅಮಾಯಕರ ಹೆಸರನ್ನು ಕಣ್ಣುಮುಚ್ಚಿ ಅದರಲ್ಲಿ ಬರೆಯುವುದು ನಿಲ್ಲಬೇಕು, ಎಲ್ಲ ರಾಜ್ಯಗಳೂ ತಮ್ಮ ನಿಯಮ ಮರುಪರಿಶೀಲಿಸಬೇಕು ಅಂತಲೂ ಹೇಳಿತು. ಅದೇ ವರ್ಷ ಅಕ್ಟೋಬರ್ 3ರಂದು ಜೈಲಿನ ರಿಜಿಸ್ಟರಿನ ಜಾತಿ ಕಾಲಮ್ಮನ್ನು ಅಳಿಸಿ ಅಂದಿತು. 75 ವರ್ಷ ಸ್ವಾತಂತ್ರ್ಯ ಕಂಡ ದೇಶಕ್ಕೆ ಜೈಲಿನಲ್ಲಿ ಜಾತಿ ಕಾಲಮ್ ಬೇಡ ಅಂತ ಹೇಳಿಸಿಕೊಳ್ಳಬೇಕಾಯಿತು.

ಸರ್ಕಾರ ಕೇಸು ವಾಪಸ್ ತೆಗೆಯುವುದೂ ಉಂಟು. ಕಾವೇರಿ ಚಳವಳಿ, ರೈತ ಚಳವಳಿ, ಭಾಷೆಯ ಚಳವಳಿಯ ಕೇಸುಗಳನ್ನು ಬೇರೆಬೇರೆ ಸರ್ಕಾರಗಳು ಕಾಲಕಾಲಕ್ಕೆ ಹಿಂಪಡೆದಿವೆ. ಮಂಡ್ಯದವರಾದ ನಾವು ಅದನ್ನು ಬೇಡ ಅನ್ನುವುದಿಲ್ಲ, ಆ ಬೀದಿಯಲ್ಲಿ ನಮ್ಮವರೂ ಇದ್ದರು. ಆದರೆ ಪಟ್ಟಿಗೆ ಹೆಸರು ಸೇರುವುದು ಯಾರ ಶಿಫಾರಸಿನಿಂದ? ಸ್ಮಶಾನಕ್ಕಾಗಿ ರಸ್ತೆ ತಡೆದವರ ಕೇಸು ಆ ಪಟ್ಟಿಗೆ ಬರುವುದು ಎಂದು? 2024ರ ಅಕ್ಟೋಬರಿನಲ್ಲಿ ಸರ್ಕಾರ ಒಟ್ಟಿಗೆ 43 ಕೇಸು ವಾಪಸ್ ತೆಗೆಯಲು ಹೊರಟಿತು, 2025ರ ಮೇ ತಿಂಗಳಲ್ಲಿ ಹೈಕೋರ್ಟು ಆ ಆದೇಶವನ್ನೇ ರದ್ದು ಮಾಡಿತು. ಮಂತ್ರಿಗಳ ಕೃಪೆಯನ್ನು ನಂಬಿ ಕೂರಬೇಡಿ ಅನ್ನಲು ಇದಕ್ಕಿಂತ ಬೇರೆ ಉದಾಹರಣೆ ಬೇಡ.

ನಮ್ಮ ಬೇಡಿಕೆ ಕೃಪೆಯಲ್ಲ. ಖುಲಾಸೆಯ ತೀರ್ಪು ಓದಿದ ದಿನವೇ ಅದು ಕೋರ್ಟಿನಿಂದ ಠಾಣೆಯ ದಾಖಲೆಗೆ ತಾನಾಗಿ ಏರಬೇಕು. ಎಫ್‌ಐಆರ್ 24 ಗಂಟೆಯಲ್ಲಿ ಇಂಟರ್ನೆಟ್ಟಿಗೆ ಏರಿಸಿ ಅಂತ 2016ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ, ಏರಿಸುತ್ತಿದ್ದಾರೆ. ಅದೇ ಯಂತ್ರಕ್ಕೆ ಖುಲಾಸೆ ಏರಿಸುವುದು ಯಾಕೆ ಭಾರವಾಗುತ್ತದೆ? ಸಣ್ಣ ಕೇಸುಗಳು, ಕೌಂಟರ್ ಕೇಸುಗಳು ಇಷ್ಟು ವರ್ಷಕ್ಕೆ ಸವೆದುಹೋಗಬೇಕು ಅನ್ನುವ ಕಾನೂನು, ಎಲ್ಲ ರಾಜ್ಯಕ್ಕೂ ಅನ್ವಯಿಸುವಂಥದ್ದು, ಪಾರ್ಲಿಮೆಂಟಿನಲ್ಲಿ ಬರಬೇಕು. ನಮ್ಮಲ್ಲೇ ಕೆಲವರು 'ದಾಖಲೆ ಅಳಿಸಿದರೆ ಕೇರಿಗೆ ಬೆಂಕಿ ಇಟ್ಟವನೂ ತಪ್ಪಿಸಿಕೊಳ್ಳುತ್ತಾನೆ' ಅನ್ನುತ್ತಾರೆ. ಆ ಅಂಜಿಕೆ ನ್ಯಾಯವಾದದ್ದು. ದೌರ್ಜನ್ಯ, ಅತ್ಯಾಚಾರ, ಕೊಲೆ ಇವು ಆ ಕಾನೂನಿನ ಹೊರಗಿರಬೇಕು ಅಂತಲೇ ನಾವೂ ಹೇಳುತ್ತೇವೆ.

ಅದು ಬರುವ ತನಕ ಕೈಕಟ್ಟಿ ಕೂರಬೇಕಿಲ್ಲ. ನಿಮ್ಮ ಮೇಲೆ ಕೇಸು ಇತ್ತು ಅನ್ನುವ ಸಂಶಯ ಇದ್ದರೆ ಮೊದಲು ನಿಜ ತಿಳಿದುಕೊಳ್ಳಿ. ಸೇವಾಸಿಂಧುವಿನಲ್ಲಿ ನೀವೇ ಪೊಲೀಸ್ ಪರಿಶೀಲನಾ ಸರ್ಟಿಫಿಕೇಟಿಗೆ ಅರ್ಜಿ ಹಾಕಿ ಏನು ಬರೆಯುತ್ತಾರೆ ನೋಡಿ. ನೌಕರಿ ಕೊಡುವವನು ನೋಡುವ ಮೊದಲು ನೀವು ನೋಡುವುದು ಲೇಸು. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕದಲ್ಲಿ ಕೇಳಬಹುದು, ಕರ್ನಾಟಕದಲ್ಲಿ 150 ಪದ ಮೀರಬಾರದು, ಒಂದೇ ವಿಷಯ ಕೇಳಬೇಕು. ಕೋರ್ಟಿನಲ್ಲಿ ನಕಲು ಅರ್ಜಿ ಹಾಕಿ ತೀರ್ಪಿನ ಸರ್ಟಿಫೈಡ್ ಕಾಪಿ ಎರಡು ತೆಗೆದಿಡಿ. ಒಂದನ್ನು ಠಾಣೆಗೆ ಕೊಟ್ಟು, ದಾಖಲೆ ತಿದ್ದಿ ಅಂತ ಬರೆದ ಅರ್ಜಿಗೆ ಸ್ವೀಕೃತಿ ಹಾಕಿಸಿಕೊಳ್ಳಿ. 'ಬಿ' ರಿಪೋರ್ಟ್ ಆಗಿದ್ದರೆ ಅದರ ನಕಲೂ ಬೇಕು. ವಕೀಲರ ಫೀಸಿಗೆ ದುಡ್ಡಿಲ್ಲ ಅನ್ನಬೇಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿಯೇ ಇಲ್ಲದೆ ಉಚಿತ ವಕೀಲರು ಸಿಗಬೇಕು ಅಂತ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ಹೇಳುತ್ತದೆ. ತಾಲ್ಲೂಕು ಕೋರ್ಟಿನಲ್ಲೇ ಅದರ ಸಮಿತಿ ಇರುತ್ತದೆ. ಸಂಕೋಚ ಬೇಡ, ಅದು ಭಿಕ್ಷೆಯಲ್ಲ.

ನಮ್ಮ ಹುಡುಗನ ವಿಷಯ. ಹದಿನೈದು ದಿನದಲ್ಲಿ ಹನ್ನೊಂದು ದಿನ ನಕಲು ಸಿಗುವುದಕ್ಕೇ ಹೋಯಿತು. ಕಾನೂನು ನೆರವಿನ ಒಬ್ಬ ಹೆಣ್ಣುಮಗಳು ವಕೀಲರು ರಾತ್ರಿ ಕೂತು ಇಂಗ್ಲಿಷಿಗೆ ತರ್ಜುಮೆ ಮಾಡಿಕೊಟ್ಟರು, ದುಡ್ಡು ಮುಟ್ಟಲಿಲ್ಲ. ಅಂಕಪಟ್ಟಿ, ತೀರ್ಪು, 24 ಮತ್ತು 74ನೇ ಸೆಕ್ಷನ್ನಿನ ಪ್ರತಿ, ಎಲ್ಲ ಸೇರಿಸಿ ಹದಿನಾಲ್ಕನೇ ದಿನ ಸ್ಪೀಡ್ ಪೋಸ್ಟು ಮಾಡಿದೆವು. ವಯಸ್ಸಿನ ಬಗ್ಗೆ ಕೋರ್ಟಿಗೆ ಬೇರೆ ಅರ್ಜಿ ಹೋಗಿದೆ. ಆ ಕಡೆಯಿಂದ ಇನ್ನೂ ಉತ್ತರ ಬಂದಿಲ್ಲ. ಹುಡುಗ ಈಗಲೂ ಬೆಳಿಗ್ಗೆ ಐದಕ್ಕೆ ಎದ್ದು ಓಡುತ್ತಿದ್ದಾನೆ, ಮೈ ಸಡಿಲಬಾರದು ಅಂತ.

ಪ್ರತಿ ಭಾನುವಾರ ಸಂಜೆ ಹಾಸ್ಟೆಲಿನ ಊಟದ ಹಾಲಿನಲ್ಲಿ ಇಂಥ ಕಾಗದಗಳನ್ನು ನೋಡಲು ಕೂರುತ್ತಿದ್ದೇವೆ. ಮಂಡ್ಯ, ಮದ್ದೂರು, ಮಳವಳ್ಳಿ ಯಾವ ಹಾಸ್ಟೆಲಿನವರಾದರೂ ಬನ್ನಿ. ನಿಮ್ಮ ಅಣ್ಣನದೋ, ಚಿಕ್ಕಪ್ಪನದೋ ಹಳೆಯ ಕೇಸಿನ ಕಾಗದ ಇದ್ದರೂ ತನ್ನಿ. ಬರುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೆರಾಕ್ಸ್ ಮರೆಯಬೇಡಿ.